ತ್ಯಾಗವೀರ ಸಿರಸಂಗಿ ಲಿಂಗರಾಜರು

ದಾನಗಳಲ್ಲಿ ವಿದ್ಯಾದಾನವು ಮಿಗಿಲಾದುದೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆದರೂ ಗುಡಿಯ ಶಿಖರಕ್ಕೆ, ಜಾತ್ರೆಯ ದಾಸೋಹಕ್ಕೆ ಸಲ್ಲುವಷ್ಟು ಸುಲಭವಾಗಿ ಬಡ ವಿದ್ಯಾರ್ಥಿಯ ಕಾಲೇಜಿನ ಶುಲ್ಕಕ್ಕೆ ಹಣವು ಸಲ್ಲುವುದಿಲ್ಲ. ಶಿಖರವು ಏರಿದ ದಿನವೇ ಕಣ್ಣಿಗೆ ಕಾಣುವುದು. ವಿದ್ಯೆಗೆ ಕೊಟ್ಟ ಹಣದ ಫಲವನ್ನು ಕಾಣಲು ಎಷ್ಟೋ ವರ್ಷ ಕಾಯಬೇಕು. ಕಾಣುವೆವೆಂಬ ಭರವಸೆಯೂ ಇಲ್ಲದೆ ತಮ್ಮದೆಲ್ಲವನ್ನೂ ಹೀಗೆ ಕೊಟ್ಟುಹೋದ ಮಹನೀಯರೊಬ್ಬರ ಚರಿತ್ರೆಯನ್ನು ನಮ್ಮ ಸಂಘದ ಈ ವಾರ್ಷಿಕೋತ್ಸವದ ಶುಭಸಂದರ್ಭದಲ್ಲಿ ಸ್ಮರಿಸುವುದು ಯೋಗ್ಯವೆಂದು ಭಾವಿಸಿದ್ದೇವೆ. ಅವರೇ ತ್ಯಾಗವೀರರೆಂದು ನಾಡು ಕೊಂಡಾಡುವ ಸಿರಸಂಗಿಯ ಲಿಂಗರಾಜ ದೇಸಾಯಿಯವರು.

ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿರುವ ಸಿರಸಂಗಿಯು ಕಾಳಿಕಾದೇವಿಯ ಕ್ಷೇತ್ರವೆಂದು ಪ್ರಸಿದ್ಧವಾದುದು. ನವಲಗುಂದ-ಸಿರಸಂಗಿ ದೇಸಗತಿಯು ಆ ಭಾಗದ ಹೆಸರಾಂತ ಮನೆತನಗಳಲ್ಲೊಂದು. ಲಿಂಗರಾಜರು ಹುಟ್ಟಿದ್ದು ಆ ವಾಡೆಯಲ್ಲಲ್ಲ. ಅವರು 1861ನೆಯ ಇಸವಿ ಜನವರಿ 10ರಂದು ಶಿಗ್ಗಾವಿಯ ಮಡ್ಲೂರ ಮನೆತನದಲ್ಲಿ ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ರಾಮಪ್ಪ. ಸಿರಸಂಗಿಯ ಜಯಪ್ಪ ದೇಸಾಯಿಯವರ ಮನೆಗೆ ಬಾಲ್ಯದಲ್ಲಿಯೇ ದತ್ತಕ ಹೋದ ಮೇಲೆ ಅವರು ಲಿಂಗರಾಜರೆನಿಸಿದರು. ವಂಶದ ದೀಪವು ಆರದಿರಲೆಂದು ತಂದ ಮಗುವದು. ಮುಂದಿನ ಕಥೆಗೆ ಈ ಸಂಗತಿಯೇ ಕೀಲಿಕೈಯೆಂದು ನಮಗೆ ತೋರುತ್ತದೆ.

ಆ ಕಾಲದ ಮುಂಬಯಿ ಕರ್ನಾಟಕದ ವಿದ್ಯಾಸ್ಥಿತಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ಪದವಿಯ ಆಸೆಯುಳ್ಳ ಕನ್ನಡಿಗ ತರುಣನು ಪುಣೆ, ಕೊಲ್ಹಾಪುರ, ಮುಂಬಯಿಗಳ ದಾರಿ ಹಿಡಿಯಬೇಕಾಗಿತ್ತು. ಒಕ್ಕಲುತನದ ಮನೆಯ ಹುಡುಗನಿಗೆ ಅದು ಎಟುಕದ ಫಲ. ಈ ಕೊರತೆಯನ್ನು ಕಂಡು ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದ ಹಿರಿಯರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿ, ನಿಧಿ ಕೂಡಿಸಿ, ವಿದ್ಯಾರ್ಥಿವೇತನಗಳನ್ನು ಕೊಡುವ ಮಾರ್ಗವನ್ನು ತೆರೆದಿದ್ದರು. ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನವು ಕೂಡಿದಾಗ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಲಿಂಗರಾಜರು. ಮರುವರ್ಷ ಬೆಂಗಳೂರಿನ ಅಧಿವೇಶನಕ್ಕೂ ಅವರೇ ಅಧ್ಯಕ್ಷರು.

ಸಭೆಯಲ್ಲಿ ವಿದ್ಯೆಯನ್ನು ಹೊಗಳಿ ಮನೆಗೆ ಬಂದು ಮರೆಯುವವರು ಎಲ್ಲ ಕಾಲದಲ್ಲಿಯೂ ಉಂಟು. ಲಿಂಗರಾಜರು ಮರೆಯಲಿಲ್ಲ. ದತ್ತಕ ಪುತ್ರನನ್ನು ತಂದು ದೇಸಗತಿಯನ್ನು ಅವನ ಕೈಗಿಡುವುದು ಮನೆತನಗಳ ರೂಢಿ. ತಾವೇ ಆ ರೂಢಿಯಿಂದ ದೇಸಾಯಿಯಾದವರು. ಆದರೆ ಅವರು ಮರಣಶಾಸನವನ್ನು ಬರೆದು, ಸಂಸ್ಥಾನದ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮುಡಿಪಾಗಿಟ್ಟರು. ಒಬ್ಬ ಮಗನಿಗೆ ಸಲ್ಲಬೇಕಾದುದು ಹೆಸರು ಮುಖ ತಿಳಿಯದ ಸಾವಿರಾರು ಮಕ್ಕಳಿಗೆ ಸಂದಿತು. 1906ನೆಯ ಆಗಸ್ಟ್ 23ರಂದು, ನಾಲ್ವತ್ತೈದರ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು.

ದಾನಪತ್ರವು ಬರೆದ ಮಾತ್ರಕ್ಕೆ ಫಲಿಸಲಿಲ್ಲ. ಮನೆತನದ ಕಡೆಯಿಂದ ವ್ಯಾಜ್ಯವು ಎದ್ದು, ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಯಿತು. ಆಶ್ರಯ ತಪ್ಪಿತೆಂದು ನೊಂದವರ ದುಃಖವನ್ನು ನಾವು ಹಗುರಾಗಿ ಎಣಿಸಲಾರೆವು. ದೊಡ್ಡ ತ್ಯಾಗದ ಭಾರವು ತ್ಯಾಗಿಯ ಹೆಗಲ ಮೇಲಷ್ಟೇ ಬೀಳುವುದಿಲ್ಲ. ಆದರೆ ಲಿಂಗರಾಜರು ತಮ್ಮ ಇಚ್ಛೆಯನ್ನು ಬಾಯಿಮಾತಿಗೆ ಬಿಡದೆ ಶಾಸನಬದ್ಧವಾಗಿ ಬರೆದಿದ್ದರು. ಆದುದರಿಂದ ದಾನವು ಉಳಿಯಿತು. ಬೆಳಗಾವಿಯ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನಡೆಯುವ ಸಿರಸಂಗಿ-ನವಲಗುಂದ ಟ್ರಸ್ಟಿನಿಂದ ವಿದ್ಯಾರ್ಥಿವೇತನ ಪಡೆದು ಎಷ್ಟೋ ತರುಣರು ಉಚ್ಚ ಶಿಕ್ಷಣದ ಮೆಟ್ಟಿಲೇರಿದರು.

ಇತ್ತ 1916ರ ನವೆಂಬರ್ 13ರಂದು ಏಳು ಜನ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಶಾಲೆಯೊಂದನ್ನು ತೆರೆದು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಅಡಿಗಲ್ಲಿಟ್ಟರು. ಆ ಸಂಸ್ಥೆಯು 1933ರಲ್ಲಿ ತನ್ನ ಪ್ರಥಮ ಕಾಲೇಜನ್ನು ಪ್ರಾರಂಭಿಸಿದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು. 1947ರಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆದಾಗ ಭೂಮರಡ್ಡಿಯವರಂಥ ದಾನಿಗಳು ನೆರವಾದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಯಾದದ್ದು 1949ರಲ್ಲಿ. ಸರಕಾರದ ಬೊಕ್ಕಸವು ತೆರೆಯುವುದಕ್ಕೆ ಮುಂಚೆಯೇ ಜನರ ಕೈಚೀಲಗಳು ತೆರೆದುದರಿಂದ ಆ ನೆಲವು ಹದವಾಗಿತ್ತು.

ಇನ್ನು ನಮ್ಮ ಸೀಮೆಯ ಮಾತು. 1956ರ ಪುನರ್ವಿಂಗಡಣೆಗೆ ಮುಂಚೆ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಲ್ಲಿದ್ದವು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದುವೇ. ಇಂಥಲ್ಲಿ ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರು. ಸಿರಸಂಗಿಯಂಥ ದೇಸಗತಿಯ ಬೆಂಬಲವು ನಮ್ಮ ಕನ್ನಡಕ್ಕೆ ದೊರೆಯಲಿಲ್ಲ.

ಇಂದಿಗೂ ಗಡಿಯ ಹಳ್ಳಿಯಿಂದ ಚೆನ್ನಾಗಿ ಓದಿ ಬಂದ ಹುಡುಗಿಯು ಮುಂದಿನ ಶುಲ್ಕಕ್ಕೆ ದಾರಿ ಕಾಣದೆ ಪುಸ್ತಕ ಮುಚ್ಚುವುದನ್ನು ನಾವು ಶಿಕ್ಷಕರಾಗಿ ಕಂಡಿದ್ದೇವೆ. ಆದುದರಿಂದ ನಮ್ಮ ಸಂಘವು ಹಾರತುರಾಯಿಗಳ ವೆಚ್ಚದಲ್ಲಿ ಒಂದು ಭಾಗವನ್ನು ಉಳಿಸಿ ವಿದ್ಯಾನಿಧಿಯೊಂದನ್ನು ಆರಂಭಿಸಬೇಕೆಂದು ಪ್ರಾರ್ಥಿಸುತ್ತೇವೆ. ಲಿಂಗರಾಜರ ನಿಧಿಯು ಅಂದಿನ ಕಾಲಕ್ಕೆ ತಕ್ಕಂತೆ ಒಂದು ಸಮಾಜಕ್ಕೆ ಮೀಸಲಾಗಿತ್ತು. ನಮ್ಮ ನಿಧಿಯು ಜಾತಿಮತಗಳನ್ನೆಣಿಸದೆ ಕನ್ನಡ ನುಡಿಯುವ ಬಡ ಮನೆಗಳಿಗೆಲ್ಲ ತೆರೆದಿರಲಿ. ಅದರ ನಿಯಮಗಳನ್ನು ಮಾತ್ರ ಅವರಂತೆಯೇ ಸ್ಪಷ್ಟವಾಗಿ ಬರೆದಿಡೋಣ. ಏಕೆಂದರೆ ನಾವು ಹೋದ ಮೇಲೆಯೂ ಅದು ನಡೆಯಬೇಕಾಗಿದೆ. ದೇಸಗತಿಯು ನಮ್ಮಲ್ಲಿಲ್ಲ. ಮನೆಗೊಂದು ಸೇರು ಜೋಳದಂತೆ ಕೂಡಿಸಿದರೂ ವರ್ಷಕ್ಕೊಬ್ಬ ವಿದ್ಯಾರ್ಥಿಯ ದಾರಿಯು ತೆರೆದೀತು. ಅಷ್ಟಾದರೆ ಈ ಸ್ಮರಣೆಯು ಸಾರ್ಥಕವಾದಂತೆ.