ಸಂಗೀತ ಚರಿತ್ರೆಗೆ ಬಾಳನ್ನೇ ಮುಡಿಪಿಟ್ಟ ಪಾದ್ರೆ ಮಾರ್ತಿನಿ

ಭಾನುವಾರದ ಪೂಜೆಯಲ್ಲಿ ಗಾಯನ ವೃಂದದೊಡನೆ ದನಿಗೂಡಿಸುವ ನಾವು, ಆ ಸಂಗೀತ ಯಾರ ತಪಸ್ಸಿನ ಫಲವೆಂದು ಯೋಚಿಸುವುದು ವಿರಳ. ಧರ್ಮಸಭೆಯ ಸಂಗೀತ ಪರಂಪರೆಯನ್ನು ಮುಂದಿನ ಪೀಳಿಗೆಗಳಿಗೆ ಉಳಿಸಿಕೊಟ್ಟವರಲ್ಲಿ ಇಟಲಿಯ ಫ್ರಾನ್ಸಿಸ್ಕನ್ ಸನ್ಯಾಸಿ ಜೊವಾನ್ನಿ ಬತ್ತಿಸ್ತಾ ಮಾರ್ತಿನಿಯವರು ಅಗ್ರಗಣ್ಯರು. ಸಂಗೀತ ಲೋಕವು ಅವರನ್ನು ಪಾದ್ರೆ ಮಾರ್ತಿನಿ ಎಂದೇ ಸ್ಮರಿಸುತ್ತದೆ.

1706ರಲ್ಲಿ ಬೊಲೋನ್ಯ ನಗರದಲ್ಲಿ ಜನಿಸಿದ ಮಾರ್ತಿನಿಯವರಿಗೆ ಸಂಗೀತದ ಮೊದಲ ಪಾಠ ದೊರೆತದ್ದು ವಾದ್ಯಗಾರರಾಗಿದ್ದ ತಂದೆಯಿಂದಲೇ. 1721ರಲ್ಲಿ ಅವರು ಸಂತ ಫ್ರಾನ್ಸಿಸರ ಸಭೆಯನ್ನು ಸೇರಿದರು. 1725ರಲ್ಲಿ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿ, ಬೊಲೋನ್ಯದ ಸಂತ ಫ್ರಾನ್ಸಿಸರ ದೇವಾಲಯದ ಸಂಗೀತ ನಿರ್ದೇಶಕರಾದರು. 1729ರಲ್ಲಿ ಗುರುದೀಕ್ಷೆ ಪಡೆದರು. ರೋಮಾಪುರಿಯಿಂದ ಕರೆ ಬಂದಾಗಲೂ ಅವರು ತಮ್ಮ ಮಠವನ್ನು ತೊರೆಯಲಿಲ್ಲ.

ಬಡತನದ ವ್ರತ ತೊಟ್ಟಿದ್ದ ಈ ಸನ್ಯಾಸಿಯ ಬಳಿ ಒಂದು ಮಹಾಸಂಪತ್ತು ಬೆಳೆಯಿತು. ಅದು ಗ್ರಂಥ ಭಂಡಾರ. ಪ್ರಾಚೀನ ಗಾನಪುಸ್ತಕಗಳು, ಹಸ್ತಪ್ರತಿಗಳು, ಶಾಸ್ತ್ರಗ್ರಂಥಗಳು ಅವರ ಕೋಣೆಗಳನ್ನು ತುಂಬಿದವು. 1770ರಲ್ಲಿ ಅವರನ್ನು ಭೇಟಿಯಾದ ಇಂಗ್ಲೆಂಡಿನ ಚಾರ್ಲ್ಸ್ ಬರ್ನಿಯವರು ಅಲ್ಲಿ ಸುಮಾರು 17,000 ಸಂಪುಟಗಳಿವೆಯೆಂದು ಅಂದಾಜಿಸಿದರು. ಬರ್ನಿಯವರೂ ಸಂಗೀತದ ಇತಿಹಾಸವನ್ನು ಬರೆಯಲು ಹೊರಟವರೇ. ಆದರೂ ಮಾರ್ತಿನಿಯವರು ಅವರನ್ನು ಪ್ರತಿಸ್ಪರ್ಧಿಯೆಂದು ಬಗೆಯದೆ, ತಮ್ಮ ಭಂಡಾರದ ಬಾಗಿಲು ತೆರೆದರು.

ಅದೇ ವರ್ಷ ಹದಿನಾಲ್ಕರ ಬಾಲಕ ಮೊಜಾರ್ಟ್ ತಂದೆಯೊಡನೆ ಬೊಲೋನ್ಯಕ್ಕೆ ಬಂದು, ಮಾರ್ತಿನಿಯವರ ಬಳಿ ಕೌಂಟರ್‌ಪಾಯಿಂಟ್ ಅಭ್ಯಾಸ ಮಾಡಿದನು. ಒಂದು ಸ್ವರಪಂಕ್ತಿಗೆ ಇತರ ಪಂಕ್ತಿಗಳನ್ನು ನಿಯಮಬದ್ಧವಾಗಿ ಹೆಣೆಯುವ ವಿದ್ಯೆಯದು. ಅಕ್ಟೋಬರ್ 9ರಂದು ಆ ನಗರದ ಫಿಲಾರ್ಮೋನಿಕ ಅಕಾಡೆಮಿಯು ಬಾಲಕನನ್ನು ಪರೀಕ್ಷಿಸಿತು. ಕೊಟ್ಟ ಗ್ರೆಗೋರಿಯನ್ ರಾಗವೊಂದರ ಮೇಲೆ ಮೂರು ಕಂಠಗಳ ಸ್ವರಗಳನ್ನು ಅವನು ಪ್ರಾಚೀನ ಶೈಲಿಯಲ್ಲಿ ರಚಿಸಬೇಕಿತ್ತು. ಮೊಜಾರ್ಟನ ಸ್ವಂತ ರಚನೆ, ಮಾರ್ತಿನಿಯವರು ತಿದ್ದಿದ ರೂಪ, ಆ ರೂಪವನ್ನು ಮೊಜಾರ್ಟ್ ತನ್ನ ಕೈಯಾರೆ ಬರೆದುಕೊಂಡ ಪ್ರತಿ, ಇವೆಲ್ಲ ಇಂದಿಗೂ ಉಳಿದಿವೆ. ಬಾಲಕನ ಮೊದಲ ರಚನೆ ಹಳೆಯ ನಿಯಮಗಳಿಗೆ ಪೂರ್ಣ ಒಪ್ಪುವಂತಿರಲಿಲ್ಲ. ಸಂದರ್ಭವನ್ನು ಗಮನಿಸಿ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಅಂಗೀಕರಿಸಿತು.

ನಿಯಮನಿಷ್ಠರೆಂದು ಹೆಸರಾದ ಗುರುಗಳು ಹೀಗೆ ಶಿಷ್ಯನ ಕೈಹಿಡಿದದ್ದು ಸರಿಯೇ ಎಂದು ಓದುಗರು ಕೇಳಬಹುದು. ಆದರೆ ತಪ್ಪನ್ನು ಅವರು ಮುಚ್ಚಿಡಲಿಲ್ಲ, ತಿದ್ದಿ ತೋರಿಸಿದರು. ಬಾಲಕನ ಪ್ರತಿಭೆಯನ್ನು ಹೊಗಳುತ್ತ ಅವನ ದೋಷವನ್ನು ಮರೆಯಲಿಲ್ಲ. ದೋಷವನ್ನು ಕಂಡು ಪ್ರತಿಭೆಯನ್ನು ಚಿವುಟಲಿಲ್ಲ. 1776ರಲ್ಲಿ ಮೊಜಾರ್ಟ್ ತನ್ನ ಕೃತಿಯೊಂದನ್ನು ಕಳುಹಿಸಿ ಅವರ ಅಭಿಪ್ರಾಯವನ್ನು ವಿನಯದಿಂದ ಬೇಡಿದನು. ಗುರುವಿನ ಯೋಗ್ಯತೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅವರ ಜೀವಿತದ ಮಹದಾಸೆ ಮಾತ್ರ ಈಡೇರಲಿಲ್ಲ. ಆದಿಮಾನವನ ಕಾಲದಿಂದ ಆರಂಭಿಸಿ ಸಂಗೀತದ ಸಮಗ್ರ ಚರಿತ್ರೆಯನ್ನು ಬರೆಯಲು ಅವರು ಕೈಹಾಕಿದ್ದರು. ಮುದ್ರಣಗೊಂಡ ಮೂರು ಸಂಪುಟಗಳಲ್ಲಿ ಕೊನೆಯದು 1781ರದು. ಪ್ರಾಚೀನ ಗ್ರೀಕರ ಸಂಗೀತವನ್ನು ದಾಟುವ ಮುನ್ನವೇ, 1784ರಲ್ಲಿ, ಅವರು ದೈವಾಧೀನರಾದರು. ತಾವು ಪ್ರತಿದಿನ ಹಾಡಿ ನಡೆಸಿದ ಧರ್ಮಸಭೆಯ ಗಾನದ ಚರಿತ್ರೆ ಅವರ ಲೇಖನಿಯಿಂದ ಹೊರಬರಲೇ ಇಲ್ಲ.

ಆದರೂ ಅವರ ಶ್ರಮ ವ್ಯರ್ಥವಾಗಲಿಲ್ಲ. ಫ್ರೆಂಚರ ಆಳ್ವಿಕೆಯಲ್ಲಿ ಮಠ ಮುಚ್ಚಲ್ಪಟ್ಟಾಗ, ಅವರ ಶಿಷ್ಯರೂ ಅದೇ ಸಭೆಯ ಸನ್ಯಾಸಿಯೂ ಆದ ಸ್ತಾನಿಸ್ಲಾವೊ ಮತ್ತೇಯಿಯವರು ಗ್ರಂಥಗಳನ್ನು ಕಾಪಾಡಿದರು. ಈ ಮತ್ತೇಯಿಯವರೇ ಮುಂದೆ ರೊಸ್ಸಿನಿ ಹಾಗೂ ದೊನಿಜೆತ್ತಿಯವರಿಗೆ ಗುರುಗಳಾದರು. ಆ ಭಂಡಾರ ಈಗ ಬೊಲೋನ್ಯದ ಸಂಗೀತ ಸಂಗ್ರಹಾಲಯದಲ್ಲಿದ್ದು, ಪಾಶ್ಚಾತ್ಯ ಸಂಗೀತದ ಚರಿತ್ರೆಯನ್ನು ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡುವವರಿಗೆ ಅಮೂಲ್ಯ ಆಕರವಾಗಿದೆ. ಒಬ್ಬ ಸನ್ಯಾಸಿಗೆ ಬರೆದು ಮುಗಿಸಲಾಗದ ಚರಿತ್ರೆಯನ್ನು ಅವರು ಕೂಡಿಟ್ಟ ಪುಟಗಳಿಂದಲೇ ನೂರಾರು ಮಂದಿ ಮುಂದುವರಿಸುತ್ತಿದ್ದಾರೆ.

ನಮ್ಮ ದೇವಾಲಯಗಳ ಕಪಾಟುಗಳಲ್ಲಿಯೂ ಹಳೆಯ ಗೀತೆಗಳ ಪುಸ್ತಕಗಳಿರಬಹುದು. ನಮ್ಮ ಮನೆಯ ಮಕ್ಕಳಲ್ಲಿಯೂ ಹಾಡುವ ಹಂಬಲವಿರಬಹುದು. ಎರಡನ್ನೂ ಜೋಪಾನ ಮಾಡೋಣ. ಬಿತ್ತಿದವನೇ ಕೊಯ್ಯಬೇಕೆಂಬ ನಿಯಮವಿಲ್ಲ. ದೇವರ ಹೊಲದಲ್ಲಿ ಬಿತ್ತುವುದೂ ಒಂದು ಧನ್ಯ ಸೇವೆಯೇ.