ಹಿಮಖಂಡದ ದಂಡೆಯಲ್ಲಿ ಇಬ್ನ್ ಸೀನಾ

ಅಂಟಾರ್ಕ್ಟಿಕಾದ ನಕ್ಷೆಯಲ್ಲಿ ಬ್ರಾಬಾಂಟ್ ಎಂಬ ದ್ವೀಪವನ್ನು ಹುಡುಕಿರಿ. ಅದರ ಪೂರ್ವ ದಂಡೆಯಲ್ಲಿ ಅವಿಸೆನ್ನಾ ಎಂಬ ಚಿಕ್ಕ ಕೊಲ್ಲಿಯಿದೆ. ಈ ಹೆಸರು ಯಾರದೆಂದು ಬಲ್ಲಿರಾ? ನಮ್ಮ ಹಕೀಮರು ಇಂದಿಗೂ ಗೌರವದಿಂದ ನೆನೆಯುವ ಬೂ ಅಲಿ ಸೀನಾ ಅವರದು. ಲ್ಯಾಟಿನ್ ಭಾಷೆಯಲ್ಲಿ ಇಬ್ನ್ ಸೀನಾ ಎಂಬುದೇ ಅವಿಸೆನ್ನಾ ಎಂದಾಯಿತು.

ಅವರು ಸುಮಾರು 980ರಲ್ಲಿ ಬುಖಾರಾ ಪಟ್ಟಣದ ಹತ್ತಿರ ಅಫ್ಶಾನಾ ಎಂಬ ಹಳ್ಳಿಯಲ್ಲಿ ಜನಿಸಿದರು. 10ನೇ ವಯಸ್ಸಿಗೆ ಕುರ್‌ಆನ್ ಕಂಠಪಾಠವಾಗಿತ್ತು. ಭಾರತೀಯ ಲೆಕ್ಕಪದ್ಧತಿಯನ್ನು ಕಲಿಯಲು ತಂದೆ ಅವರನ್ನು ಒಬ್ಬ ಕಾಯಿಪಲ್ಲೆ ವ್ಯಾಪಾರಿಯ ಬಳಿ ಕಳಿಸಿದರು. ಕಲಿಸುವವನ ಅಂತಸ್ತನ್ನು ಆ ಮನೆಯವರು ನೋಡಲಿಲ್ಲ.

ಇಂಥ ಜಾಣನಿಗೂ ಒಂದು ಪುಸ್ತಕ ಅರ್ಥವಾಗಲಿಲ್ಲ. ಅರಿಸ್ಟಾಟಲನ ತತ್ವಶಾಸ್ತ್ರದ ಗ್ರಂಥವನ್ನು 40 ಸಲ ಓದಿದರೂ ಅದರ ಉದ್ದೇಶ ತಿಳಿಯದೆ ಆಸೆ ಬಿಟ್ಟರು. ಒಂದು ದಿನ ಪೇಟೆಯಲ್ಲಿ 3 ದಿರ್ಹಮ್ ಕೊಟ್ಟು ಅಲ್‌ ಫಾರಾಬಿಯವರ ವಿವರಣೆಯನ್ನು ಕೊಂಡು ತಂದರು. ಓದಿದೊಡನೆ ಎಲ್ಲವೂ ತಿಳಿಯಾಯಿತು. ಮರುದಿನ ಕೃತಜ್ಞತೆಯಿಂದ ಬಡವರಿಗೆ ದಾನ ಮಾಡಿದರು.

ಹದಿಹರೆಯದಲ್ಲೇ ಬುಖಾರಾದ ಅರಸ ನೂಹ್ ಇಬ್ನ್ ಮನ್ಸೂರರ ಚಿಕಿತ್ಸೆಯಲ್ಲಿ ಪಾಲ್ಗೊಂಡರು. ಅದರಿಂದ ಅರಮನೆಯ ಗ್ರಂಥಾಲಯದ ಬಾಗಿಲು ಅವರಿಗೆ ತೆರೆಯಿತು. ಆದರೆ ತಂದೆ ತೀರಿಕೊಂಡ ಮೇಲೆ ಅವರ ಬದುಕು ಊರಿಂದೂರಿಗೆ ಅಲೆದಾಟವಾಯಿತು. ಹಮದಾನಿನಲ್ಲಿ ವಜೀರರಾದರು, ಮುಂದೆ 4 ತಿಂಗಳು ಕೋಟೆಯಲ್ಲಿ ಸೆರೆಯಾದರು, ಕೊನೆಗೆ ಸೂಫಿಯ ವೇಷ ತೊಟ್ಟು ಇಸ್ಫಹಾನಿಗೆ ಪಾರಾದರು. ಈ ಕಷ್ಟಗಳ ನಡುವೆಯೂ ಅವರ ಬರವಣಿಗೆ ನಿಲ್ಲಲಿಲ್ಲ. 1037ರಲ್ಲಿ ಹಮದಾನಿನಲ್ಲಿ ನಿಧನರಾದರು. ಅವರ ಸಮಾಧಿ ಅಲ್ಲಿಯೇ ಇದೆ.

ಅವರ 5 ಭಾಗಗಳ ವೈದ್ಯಗ್ರಂಥ ಅಲ್‌ ಕಾನೂನ್ 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದವಾಯಿತು. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ 17ನೇ ಶತಮಾನದವರೆಗೂ ಅದನ್ನು ಪಾಠ ಹೇಳಿದರು. ಆ ಋಣವನ್ನು ಮುಂದಿನವರು ಮರೆಯಲಿಲ್ಲ. 1956-57ರಲ್ಲಿ ವಿಮಾನದಿಂದ ತೆಗೆದ ಚಿತ್ರಗಳ ಆಧಾರದ ಮೇಲೆ ಬ್ರಾಬಾಂಟ್ ದ್ವೀಪದ ನಕ್ಷೆ ಸಿದ್ಧವಾದಾಗ, ಬ್ರಿಟನ್ನಿನ ಸ್ಥಳನಾಮ ಸಮಿತಿಯು ಅಲ್ಲಿಯ ಹಲವು ತಾಣಗಳಿಗೆ ವೈದ್ಯಲೋಕದ ಮಹನೀಯರ ಹೆಸರಿಟ್ಟಿತು. ಸಿಡುಬಿಗೆ ಲಸಿಕೆ ಕೊಟ್ಟ ಜೆನ್ನರ್, ಶಸ್ತ್ರಚಿಕಿತ್ಸೆಯಲ್ಲಿ ಸೋಂಕು ತಡೆದ ಲಿಸ್ಟರ್ ಅವರ ಹೆಸರಿನ ಹಿಮನದಿಗಳು ಅಲ್ಲಿವೆ. ಅವರ ಸಾಲಿನಲ್ಲಿಯೇ 1960ರಲ್ಲಿ ಇಬ್ನ್ ಸೀನಾ ಅವರ ಹೆಸರೂ ಸೇರಿತು.

ಬದುಕಿದ್ದಾಗ ಒಂದೂರಿನಲ್ಲಿ ನೆಮ್ಮದಿಯಾಗಿ ನಿಲ್ಲಲಾಗದವರ ಹೆಸರು ಇಂದು ಭೂಮಿಯ ತುದಿಯಲ್ಲಿ ನೆಲೆ ನಿಂತಿದೆ. ಅದನ್ನು ಅಲ್ಲಿಗೆ ಒಯ್ದದ್ದು ವಜೀರನ ಪದವಿಯಲ್ಲ, ಅವರ ವಿದ್ಯೆ. ನಮ್ಮ ಕುಲಗೋಡದ ಮಕ್ಕಳೇ, ನಾಲ್ಕು ಸಲ ಓದಿಯೂ ಪಾಠ ತಿಳಿಯಲಿಲ್ಲವೆಂದು ಪುಸ್ತಕ ಮುಚ್ಚುವ ಮುನ್ನ ಆ 40 ಸಲವನ್ನು ನೆನೆಯಿರಿ. ತಿಳಿದವರನ್ನು ಕೇಳಲು ನಾಚಬೇಡಿರಿ, ಅವರು ಕಾಯಿಪಲ್ಲೆ ಮಾರುವವರಾಗಿದ್ದರೂ ಸರಿಯೇ.