ತನ್ನ ಬಲಗೈಗೆ ತಾನೇ ಹೆದರಿದವನು

2005ರಲ್ಲಿ ಬಂದ 'ಸಿಂಡ್ರೆಲಾ ಮ್ಯಾನ್' ಸಿನಿಮಾ ನಿಮ್ಮಲ್ಲಿ ಕೆಲವರಾದರೂ ನೋಡಿರ್ತೀರಿ. ರಸೆಲ್ ಕ್ರೋ ಅದರಲ್ಲಿ ಜೇಮ್ಸ್ ಬ್ರಾಡಕ್ ಅನ್ನೋ ಬಡ ಬಾಕ್ಸರ್. ಅವನೆದುರು ನಿಲ್ಲುವ ವಿಲನ್, ರಿಂಗಿನಲ್ಲಿ ಜನರನ್ನು ಕೊಂದು ಅದನ್ನೇ ಜಂಬದಿಂದ ಹೇಳಿಕೊಳ್ಳುವವನು, ಬ್ರಾಡಕ್‌ನ ಹೆಂಡತಿಯ ಎದುರೇ ಅಸಹ್ಯವಾಗಿ ಮಾತಾಡುವವನು. ಹೆಸರು ಮ್ಯಾಕ್ಸ್ ಬೇರ್. ಕಥೆಗೊಬ್ಬ ವಿಲನ್ ಬೇಕಿತ್ತು, ಒಪ್ಪೋಣ. ಆದರೆ ಅಷ್ಟು ಹೊತ್ತಿಗೆ ನಿಜವಾದ ಬೇರ್ ತೀರಿಕೊಂಡು 45 ವರ್ಷ ದಾಟಿತ್ತು. ಅಪ್ಪ ಅಂಥವನಲ್ಲ ಎಂದು ಅವನ ಮಗನೇ ಪತ್ರಿಕೆಗಳ ಮುಂದೆ ಹೇಳಬೇಕಾಯಿತು.

ಬೇರ್ ಹುಟ್ಟಿದ್ದು 1909ರ ಫೆಬ್ರವರಿ 11ರಂದು, ಅಮೆರಿಕದ ಒಮಾಹಾದಲ್ಲಿ. ಅಪ್ಪನದು ಮಾಂಸದ ಕಸುಬು. ಮನೆಯವರು ಕೊನೆಗೆ ನೆಲೆ ನಿಂತದ್ದು ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ. ಜಿಮ್ಮಿಗೆ ಹೋಗಿ ಬೆಳೆಸಿದ ಮೈ ಅಲ್ಲ ಅವನದು, ಕಡಿದ ದನದ ಭಾರಿ ತುಂಡುಗಳನ್ನು ಹೊತ್ತು ಹೊತ್ತು ಬಂದ ಭುಜ. ಎತ್ತರ ಆರಡಿ ಎರಡು ಅಂಗುಲದ ಮೇಲೆ. 1929ರಲ್ಲಿ ದುಡ್ಡಿಗಾಗಿ ಬಾಕ್ಸಿಂಗ್ ಶುರು ಮಾಡಿದ. ಅವನ ಬಲಗೈ ಏಟು ಬಿದ್ದವರು ಏಳುತ್ತಿದ್ದುದು ಕಡಿಮೆ.

1930ರ ಆಗಸ್ಟ್ 25ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎದುರಾಳಿ ಫ್ರಾಂಕಿ ಕ್ಯಾಂಪ್‌ಬೆಲ್. ಎರಡನೇ ರೌಂಡಿನಲ್ಲಿ ಬೇರ್ ಜಾರಿ ಬಿದ್ದ. ಕ್ಯಾಂಪ್‌ಬೆಲ್ ಬೆನ್ನು ತಿರುಗಿಸಿ, ಹಗ್ಗದ ಹತ್ತಿರ ಹೋಗಿ ಜನರ ಕಡೆ ಕೈಬೀಸಿದ. ಅಷ್ಟರಲ್ಲಿ ಎದ್ದು ಬಂದ ಬೇರ್ ಅವನ ತಲೆಯ ಪಕ್ಕಕ್ಕೆ ಹೊಡೆದ. ತಲೆಯೊಳಗೆ ಏನೋ ಮುರಿದಂತಾಗಿದೆ ಎಂದು ಕ್ಯಾಂಪ್‌ಬೆಲ್ ತನ್ನವರಿಗೆ ಹೇಳಿದನಂತೆ. ಆದರೂ ಆಟ ನಡೆಯಿತು. ಐದನೇ ರೌಂಡಿನಲ್ಲಿ ಹಗ್ಗಕ್ಕೆ ಒರಗಿದ್ದವನ ಮೇಲೆ ಏಟಿನ ಮೇಲೆ ಏಟು. ಪ್ರಜ್ಞೆ ತಪ್ಪಿದವನನ್ನು ಹಗ್ಗವೇ ಬೀಳದ ಹಾಗೆ ಹಿಡಿದಿತ್ತು. ರೆಫರಿ ತಡೆಯುವ ಹೊತ್ತಿಗೆ ತಡವಾಗಿತ್ತು. ಮರುದಿನ ಕ್ಯಾಂಪ್‌ಬೆಲ್ ಸತ್ತ. ಹೆಂಡತಿ ಇದ್ದಳು, ಎಳೆ ಮಗುವಿತ್ತು.

ಮೊದಲ ಸೆಮಿಸ್ಟರ್ ಮೆಕ್ಯಾನಿಕ್ಸ್ ನೆನಪಿದ್ದರೆ ಇಲ್ಲಿ ಆದದ್ದೇನು ಎಂದು ಗೊತ್ತಾಗುತ್ತೆ. ಏಟಿಗೆ ಬುರುಡೆ ತಟ್ಟನೆ ಚಲಿಸುತ್ತೆ, ಒಳಗಿನ ಮೆದುಳು ಜಡತ್ವದಿಂದ ಹಿಂದೆ ಉಳಿದು ಬುರುಡೆಗೆ ಬಡಿಯುತ್ತೆ. ಗ್ಲೌಸ್ ಕಾಪಾಡುವುದು ಹೆಚ್ಚಾಗಿ ಹೊಡೆಯುವವನ ಬೆರಳುಗಳನ್ನೇ.

ಬೇರ್‌ಗೆ ಆಗ 21 ವರ್ಷ. ನರಹತ್ಯೆ ಆರೋಪದಲ್ಲಿ ಪೊಲೀಸರು ಹಿಡಿದರು, ಆಮೇಲೆ ಆರೋಪ ಬಿದ್ದುಹೋಯಿತು. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಆಡುವ ಹಾಗಿಲ್ಲ ಎಂದರು. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಅವನ ಒಳಗಿನ ಲೆಕ್ಕ ಮುಗಿಯಲೇ ಇಲ್ಲ. ಮುಂದಿನ ಆರು ಪಂದ್ಯಗಳಲ್ಲಿ ನಾಲ್ಕು ಸೋತ. ಬಂದ ದುಡ್ಡಿನಲ್ಲಿ ಕ್ಯಾಂಪ್‌ಬೆಲ್ ಮನೆಯವರಿಗೆ ಕೊಟ್ಟ. ವರ್ಷಗಟ್ಟಲೆ ಅದೇ ಕೆಟ್ಟ ಕನಸು ಬೀಳುತ್ತಿತ್ತು, ಅಪ್ಪ ಅಳುತ್ತಿದ್ದರು ಎಂದು ಮಗ ನೆನೆಸಿಕೊಂಡಿದ್ದಾನೆ.

ಸೋಲುಗಳಿಗೆ ಇನ್ನೊಂದು ಕಾರಣವೂ ಇತ್ತು. 1931ರಲ್ಲಿ ಟಾಮಿ ಲೌಘ್ರನ್ ಎಂಬ ಚತುರ ಇವನನ್ನು ಸುಲಭವಾಗಿ ಸೋಲಿಸಿದ. ಬೇರ್ ಕೈಯನ್ನು ಅಷ್ಟು ಹಿಂದಕ್ಕೆ ಎಳೆದು ಬೀಸುತ್ತಿದ್ದ, ಏಟು ಬರುತ್ತಿದೆ ಎಂದು ಎದುರಿನವನಿಗೆ ಮೊದಲೇ ಗೊತ್ತಾಗುತ್ತಿತ್ತು. ಹೊಡೆತದ ದಾರಿ ಚಿಕ್ಕದು ಮಾಡು ಎಂದು ತಿದ್ದಿದವನು ಹಳೆಯ ಚಾಂಪಿಯನ್ ಜಾಕ್ ಡೆಂಪ್ಸಿ.

1932ರಲ್ಲಿ ಅವನು ಎರ್ನಿ ಶಾಫ್‌ನನ್ನು ಕೊನೇ ರೌಂಡಿನ ಕೊನೇ ಕ್ಷಣಗಳಲ್ಲಿ ಕೆಡವಿದ. ಆರು ತಿಂಗಳೊಳಗೆ ಶಾಫ್ ಇನ್ನೊಬ್ಬನ ಜೊತೆ, ಪ್ರೀಮೋ ಕಾರ್ನೆರಾ ಜೊತೆ ಆಡಿ ಬಿದ್ದು ಸತ್ತ. ಜನ ಅದನ್ನೂ ಬೇರ್ ತಲೆಗೇ ಕಟ್ಟಿದರು. ಸಿನಿಮಾದ ಲೆಕ್ಕ ಇಲ್ಲಿಂದಲೇ ಬಂದದ್ದು.

1933ರ ಜೂನ್ 8, ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂ. ಎದುರಾಳಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್. ಹಿಟ್ಲರ್ ಅಧಿಕಾರಕ್ಕೆ ಬಂದು ಐದು ತಿಂಗಳೂ ಆಗಿರಲಿಲ್ಲ, ಯಹೂದಿ ಅಂಗಡಿಗಳ ಬಹಿಷ್ಕಾರ ಆಗಲೇ ನಡೆದಿತ್ತು. ಬೇರ್ ಚಡ್ಡಿಯ ಮೇಲೆ ದಾವೀದನ ನಕ್ಷತ್ರ ಹೊಲಿಸಿಕೊಂಡು ರಿಂಗಿಗಿಳಿದ. ನಿಜ ಹೇಳಬೇಕೆಂದರೆ ಅವನ ತಂದೆಯ ತಂದೆ ಯಹೂದಿ, ತಾಯಿ ಅಲ್ಲ. ಮನೆಯಲ್ಲಿ ಆ ಧರ್ಮದ ಆಚರಣೆಯೂ ಇರಲಿಲ್ಲ. ಟಿಕೆಟ್ ಮಾರೋಕೆ ಮಾಡಿದ ಗಿಮಿಕ್ ಎಂದವರಿದ್ದಾರೆ. ಇರಬಹುದು. ಆದರೆ ನಾಜಿಗಳ ರಕ್ತದ ಲೆಕ್ಕಕ್ಕೆ ಒಬ್ಬ ಯಹೂದಿ ಅಜ್ಜನೂ ಸಾಕಾಗಿತ್ತು, ಮತ್ತು ಆ ನಕ್ಷತ್ರವನ್ನು ಅವನು ಮುಂದಿನ ಪಂದ್ಯಗಳಲ್ಲೂ ತೆಗೆಯಲಿಲ್ಲ. ಹತ್ತನೇ ರೌಂಡಿನಲ್ಲಿ ರೆಫರಿ ಆಟ ನಿಲ್ಲಿಸಿದಾಗ ಶ್ಮೆಲಿಂಗ್ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. (ಪಾಪ, ಶ್ಮೆಲಿಂಗ್ ನಾಜಿ ಪಕ್ಷ ಸೇರಿದವನಲ್ಲ. 1938ರ ದೊಂಬಿಯಲ್ಲಿ ಇಬ್ಬರು ಯಹೂದಿ ಹುಡುಗರನ್ನು ಬಚ್ಚಿಟ್ಟು ಕಾಪಾಡಿದವನು.) ಬೇರ್ ನಾಯಕನಾಗಿ ನಟಿಸಿದ ಸಿನಿಮಾವನ್ನು ಜರ್ಮನಿಯಲ್ಲಿ ಬ್ಯಾನ್ ಮಾಡಿದರು.

1934ರ ಜೂನ್ 14ರಂದು ಆರೂವರೆ ಅಡಿ ಎತ್ತರದ ಕಾರ್ನೆರಾನನ್ನು ಹನ್ನೊಂದು ರೌಂಡಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಸಲ ಕೆಡವಿ ಹೆವಿವೇಟ್ ವಿಶ್ವ ಚಾಂಪಿಯನ್ ಆದ. ಕಿರೀಟ ಇದ್ದದ್ದು ಒಂದೇ ಒಂದು ದಿನ ಕಡಿಮೆ ಒಂದು ವರ್ಷ. ಹಡಗುಕಟ್ಟೆಯ ಕೂಲಿ ಬ್ರಾಡಕ್ ಎದುರು ತಮಾಷೆ ಮಾಡುತ್ತಾ, ಪ್ರೇಕ್ಷಕರನ್ನು ನಗಿಸುತ್ತಾ, ಹದಿನೈದು ರೌಂಡ್ ಕಳೆದು ಅಂಕಗಳಲ್ಲಿ ಸೋತ. ಅವನು ಸರಿಯಾಗಿ ತಯಾರಿ ಮಾಡಿರಲಿಲ್ಲ, ಸೋಮಾರಿ, ಮೋಜುಗಾರ, ಇದೆಲ್ಲ ನಿಜ. ನನಗನಿಸುವುದು ಮಾತ್ರ ಬೇರೆ: ಪೂರ್ತಿ ಬಲ ಹಾಕಿದರೆ ಏನಾಗುತ್ತೆ ಎಂದು ಒಮ್ಮೆ ಕಂಡವನಿಗೆ ಕೋಡಂಗಿ ಆಟವೇ ಸುರಕ್ಷಿತ ಜಾಗ ಆಗಿರಬೇಕು. ಮೂರು ತಿಂಗಳ ನಂತರ ಜೋ ಲೂಯಿಸ್ ನಾಲ್ಕನೇ ರೌಂಡಿನಲ್ಲೇ ಅವನನ್ನು ಮುಗಿಸಿದ. 1941ರವರೆಗೆ ಆಡಿದ, ಗೆದ್ದದ್ದರಲ್ಲಿ 50ಕ್ಕೂ ಹೆಚ್ಚು ನಾಕೌಟ್.

ಆಮೇಲೆ ಸಿನಿಮಾ, ಸ್ಟೇಜ್ ಹಾಸ್ಯ, ರೆಫರಿ ಕೆಲಸ. 1959ರ ನವೆಂಬರ್ 21ರ ಬೆಳಗ್ಗೆ ಹಾಲಿವುಡ್ಡಿನ ಹೋಟೆಲ್ ರೂಮಿನಲ್ಲಿ ಎದೆನೋವು ಬಂತು. ಫೋನ್ ಮಾಡಿ ಡಾಕ್ಟರ್ ಬೇಕು ಎಂದ. ಹೌಸ್ ಡಾಕ್ಟರ್ ಬರ್ತಾರೆ ಎಂದರೆ, ಮನೆಗಲ್ಲ, ಮನುಷ್ಯನಿಗೆ ನೋಡುವ ಡಾಕ್ಟರ್ ಕಳಿಸಿ ಎಂದು ತಮಾಷೆ ಮಾಡಿದನಂತೆ. ಸ್ವಲ್ಪ ಹೊತ್ತಿಗೇ ಹೋಗಿಬಿಟ್ಟ, 50ನೇ ವಯಸ್ಸಿಗೆ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನ ಹೊಡೆತ ತಿದ್ದಿದ ಡೆಂಪ್ಸಿ ಇದ್ದ, ಅವನನ್ನು ಕೆಡವಿದ ಜೋ ಲೂಯಿಸ್ ಕೂಡ ಇದ್ದ.